ಒಗ್ಗರಣೆ ಕಂಡ ಸೈಕಲ್ ಚೈನು

ರೋಣದ ಬಜಾರಿನಲ್ಲಿ ಮೂರು ತಲೆಮಾರಿನಿಂದ ಬಟ್ಟೆ ಅಂಗಡಿ ನಡೆಸಿಕೊಂಡು ಬಂದ ಅಜ್ಜಪ್ಪನವರ ಮನೆತನದ ಕಳಕೇಶಪ್ಪನಿಗೆ ಈ ಲೋಕದಲ್ಲಿ ಒಂದೇ ಒಂದು ವೈರಿ ಇತ್ತು. ಅದರ ಹೆಸರು ಕಲಬೆರಕೆ. ಹಾಲಿನವನು ಬಂದರೆ ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ನಿಲ್ಲಿಸಿ, ಅದು ನಿಲ್ಲುತ್ತದೋ ಜಾರುತ್ತದೋ ನೋಡಿದ ಮೇಲೆಯೇ ಪಾತ್ರೆ ಒಡ್ಡುವನು. ಚಹಾಪುಡಿಯನ್ನು ತಣ್ಣೀರಿಗೆ ಹಾಕಿ, ಅದು ಬಣ್ಣ ಬಿಟ್ಟಿತೆಂದರೆ ಕಿರಾಣಿ ಅಂಗಡಿಯ ಮುಂದೆ ಹೋಗಿ ನಿಲ್ಲುವನು. ನಿಲ್ಲುವುದೆಂದರೆ ಸುಮ್ಮನೆ ನಿಲ್ಲುವುದಲ್ಲ, ನಾಲ್ಕು ಮಂದಿ ಕೂಡುವ ತನಕ ನಿಲ್ಲುವುದು. ಒಮ್ಮೆ ದೇವಸ್ಥಾನದ ವಿಭೂತಿಯನ್ನೇ ನಾಲಿಗೆಗೆ ಹಚ್ಚಿ ನೋಡಿ, "ಇದರಾಗ ಸುಣ್ಣ ಐತಿ" ಎಂದುಬಿಟ್ಟಿದ್ದ. ಅಂದಿನಿಂದ ಪೂಜಾರಿ ಅವನನ್ನು ಕಂಡರೆ ಮಂತ್ರವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದ.

ಇಡೀ ತಾಲೂಕಿನಲ್ಲಿ ಎರಡು ವಸ್ತು ಮಾತ್ರ ಶುದ್ಧ ಎಂದು ಅವನ ತೀರ್ಮಾನವಾಗಿತ್ತು. ಒಂದು, ತನ್ನ ಅಂಗಡಿಯ ಹತ್ತಿ ಬಟ್ಟೆ. ಇನ್ನೊಂದು, ಜಕ್ಕಲಿಯಲ್ಲಿರುವ ಅತ್ತೆ ಸಿದ್ದವ್ವನ ಗಾಣದ ಕುಸುಬಿ ಎಣ್ಣೆ. ಬಟ್ಟೆಯ ಶುದ್ಧತೆ ಜನಕ್ಕೆ ಮರೆತುಹೋಗಬಾರದೆಂದು ದೀಪಾವಳಿಯ ಅಂಗಡಿ ಪೂಜೆಗೆ ಬಂದವರಿಗೆಲ್ಲ ಒಂದೊಂದು ಟವೆಲು ಹಂಚುತ್ತಿದ್ದ. ಅದರ ಅಂಚಿಗೆ "ಅಜ್ಜಪ್ಪನವರ ಬಟ್ಟೆ ಅಂಗಡಿ, ರೋಣ. ಶುದ್ಧ ಹತ್ತಿ" ಎಂದು ನೀಲಿ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಎಣ್ಣೆಯ ಶುದ್ಧತೆ ಸಾರಲು ಟವೆಲು ಬೇಕಿರಲಿಲ್ಲ. ಅವನ ಬಾಯೇ ಸಾಕಿತ್ತು. ಆ ಬಾಯಿಂದಾಗಿಯೇ ಓಣಿಯ ಹನ್ನೊಂದು ಮನೆಗಳು ಪ್ಯಾಕೆಟ್ ಎಣ್ಣೆ ಬಿಟ್ಟು ಸಿದ್ದವ್ವನ ಎಣ್ಣೆಗೆ ಬಂದಿದ್ದವು. ತಿಂಗಳಿಗೊಮ್ಮೆ ಜಕ್ಕಲಿಯಿಂದ ಟಂಟಂ ಗಾಡಿಯಲ್ಲಿ ಡಬ್ಬಿಗಳು ಬಂದು ಅವನ ಪಡಸಾಲೆಯಲ್ಲಿ ಇಳಿಯುತ್ತಿದ್ದವು. ಹೆಂಡತಿ ಶೈಲಶ್ರೀ ಮನೆಮನೆಗೆ ಮುಟ್ಟಿಸುತ್ತಿದ್ದಳು. ಗಂಡ ತೀರಿದ ಮೇಲೆ ಸಿದ್ದವ್ವ ಆ ಗಾಣವೊಂದನ್ನೇ ಹಿಡಿದು ಈ ಮಗಳನ್ನು ಓದಿಸಿದವಳು, ಮದುವೆ ಮಾಡಿದವಳು. ಎತ್ತಿನ ಜಾಗದಲ್ಲಿ ಮೋಟರು ಬಂದಿತ್ತೇ ಹೊರತು, ಗಾಣ ಅದೇ ಕಟ್ಟಿಗೆಯದು, ಹೆಸರೂ ಅದೇ.

ಹೀಗಿರುವಾಗ ದವಾಖಾನೆಯ ಡಾಕ್ಟರರು ಕಳಕೇಶಪ್ಪನ ರಕ್ತದಲ್ಲಿ ಸಕ್ಕರೆ ಸೇರಿದೆ ಎಂದರು. ತನ್ನ ರಕ್ತದಲ್ಲಿ ಬೇರೊಂದು ಪದಾರ್ಥ ಬೆರೆತಿದೆ ಎಂಬ ಸುದ್ದಿಯನ್ನು ಅವನು ಮನೆತನಕ್ಕಾದ ಅವಮಾನವೆಂದೇ ತಿಳಿದ. ಆ ಸಕ್ಕರೆಯನ್ನು ತುಳಿದೇ ಹೊರಹಾಕಬೇಕೆಂದು ಅದೇ ವಾರ ಗದಗಕ್ಕೆ ಹೋಗಿ ಕೆಂಪು ಬಣ್ಣದ ಸೈಕಲ್ಲೊಂದನ್ನು ತಂದ. ಮೂರು ತಿಂಗಳು ಅದು ಚೆನ್ನಾಗಿಯೇ ಓಡಿತು. ಬಳಿಕ ಚೈನು ಕಿರುಗುಟ್ಟತೊಡಗಿತು. ಕಳಕೇಶಪ್ಪ ಸೈಕಲ್ಲನ್ನು ಬಸ್‌ಸ್ಟ್ಯಾಂಡಿನ ಪಕ್ಕದ ಸಲಾವುದ್ದೀನನ ಅಂಗಡಿಗೆ ತಳ್ಳಿಕೊಂಡು ಹೋದ.

ಸಲಾವುದ್ದೀನ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುವವನು. ಮಾತಿನಲ್ಲಿ ಭಾರಿ ಮಿತವ್ಯಯಿ. ಅವನು ಕುಕ್ಕರಗಾಲಿನಲ್ಲಿ ಕುಳಿತು ಪೆಡಲು ತಿರುಗಿಸಿ ನೋಡಿದ.

"ಚೈನ್ ಒಣಗೇತ್ರಿ ಸಾವ್ಕಾರ್ರ. ಡೀಸೆಲ್‌ನಾಗ ತೊಳೀಬೇಕು. ಒಣಾ ಅರಬಿಲೆ ಒರಸಬೇಕು. ಕೊಂಡಿಗೊಂದು ಹನಿ ಎಣ್ಣಿ ಬಿಡಬೇಕು. ಮತ್ತ ಒರಸಬೇಕು."

"ಬಿಟ್ಟ ಎಣ್ಣೀನ ಮತ್ತ ಒರಸೋದ? ಉಣ್ಣಿಸಿ ವಾಂತಿ ಮಾಡಿಸಿದಂಗ?"

"ಕೊಂಡಿ ಒಳಗಿಂದು ಉಳೀತೈತ್ರಿ. ಹೊರಗಿಂದು ಧೂಳ ಹಿಡೀತೈತಿ."

ಇಷ್ಟು ಹೇಳಿ ಸಲಾವುದ್ದೀನ ಮೂತಿಯುದ್ದನೆಯ ಎಣ್ಣೆ ಡಬ್ಬಿ ಎತ್ತಿಕೊಂಡ. ಕಳಕೇಶಪ್ಪ ಅವನ ಕೈ ತಡೆದ. ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ಮೂಸಿದ, ಬೆಳಕಿಗೆ ಹಿಡಿದ. ಎಣ್ಣೆ ಕಾಡಿಗೆಯಂತೆ ಕಪ್ಪಗಿತ್ತು.

"ಇದು ಯಾವುದರ ಎಣ್ಣಿ?"

"ಮಷಿನ್ ಎಣ್ಣಿರಿ."

"ಅಲ್ಲೋ, ಮಷಿನ್ ಹಿಂಡಿದ್ರ ಎಣ್ಣಿ ಬರ್ತೈತೇನ? ಯಾವ ಕಾಳಿಂದು ಅಂತ ಕೇಳಾಕತ್ತೀನಿ."

ಸಲಾವುದ್ದೀನ ಯೋಚಿಸಿದ. ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ನಿನಗ ಗೊತ್ತಿಲ್ಲ! ಯಾವ ಗಾಣ ಗೊತ್ತಿಲ್ಲ, ಯಾವ ಕಾಳ ಗೊತ್ತಿಲ್ಲ. ಯಾರ್ಯಾರದೋ ಮೋಟರಸೈಕಲ್ಲಿನ ಎಂಜಲಾ ಕೂಡಿಸಿ ಡಬ್ಬಿ ತುಂಬೀಯೋ ಏನೋ! ಅದನ್ನ ನನ್ನ ಸೈಕಲ್ಲಿಗೆ ಕುಡಸ್ತೀ?" ಎಂದು ಕಳಕೇಶಪ್ಪ ದನಿ ಏರಿಸಿದ. ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಮಂದಿ ಹತ್ತಿರ ಬಂದರು. "ಎಲ್ಲಾರೂ ಕೇಳ್ರಿ! ನನ್ನ ಹೊಟ್ಟಿಗೆ ಯಾವ ಎಣ್ಣಿ ಹಾಕ್ತೀನೋ ನನ್ನ ಸೈಕಲ್ಲಿಗೂ ಅದ ಎಣ್ಣಿ. ಜಕ್ಕಲಿ ಗಾಣದ ಶುದ್ಧ ಕುಸುಬಿ!"

"ಹೊಟ್ಟಿ ಬ್ಯಾರೆ ಚೈನ್ ಬ್ಯಾರೆ ರಿ" ಎಂದ ಸಲಾವುದ್ದೀನ. ಅಂದಿನ ಅವನ ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬಂದವನೇ ಕಳಕೇಶಪ್ಪ ಅಡುಗೆಮನೆಗೆ ನುಗ್ಗಿ ಬಾಣಲೆ ಒಲೆಗಿಟ್ಟ. ಇಲ್ಲಿ ಒಂದು ಮಾತು ಹೇಳಬೇಕು. ಕುಸುಬಿ ಎಣ್ಣೆಗೆ ಒಂದು ಹಸಿ ವಾಸನೆ ಇರುತ್ತದೆ. ಆ ಕಡೆಯ ಮನೆಗಳಲ್ಲಿ ಅದನ್ನು ಹಸಿಯಾಗಿ ಬಳಸುವುದಿಲ್ಲ. ಒಮ್ಮೆ ಕಾಸಿ, ವಾಸನೆ ಮುರಿದು, ಆರಿಸಿಟ್ಟುಕೊಳ್ಳುತ್ತಾರೆ. ಹಸಿ ಎಣ್ಣೆ ತಿಂದರೆ ಹೊಟ್ಟೆ ಕೆಡುತ್ತದೆ ಎಂದು ಅತ್ತೆ ಹೇಳಿದ್ದು ಕಳಕೇಶಪ್ಪನ ನೆನಪಿನಲ್ಲಿತ್ತು. ಸೈಕಲ್ಲಿನ ಹೊಟ್ಟೆ ಕೆಡಬಾರದೆಂದು ಅವನು ಎಣ್ಣೆಯನ್ನು ಹೊಗೆ ಬರುವ ತನಕ ಕಾಸಿದ. ಹೊಗೆ ಬಂದ ಮೇಲೂ, ಯಾವುದಕ್ಕೂ ಇರಲಿ ಎಂದು, ಅರ್ಧ ತಾಸು ಕಾಸಿದ. ಎಣ್ಣೆ ಪಾಕದಂತಾಯಿತು.

"ಎಷ್ಟೊತ್ತ ಕಾಸ್ತೀರಿ?" ಎಂದು ಶೈಲಶ್ರೀ ಸೆರಗಿನಿಂದ ಹೊಗೆ ಬೀಸಿಕೊಂಡಳು. "ಸಾಸವಿ ಕರಿಬೇವು ಕೊಡಲೇನು?"

"ನಿನಗ ನಗಿ. ಮಂದಿ ಮಕ್ಕಳಿಗೂ ಇಷ್ಟ ಜ್ವಾಪಾನ ಮಾಡಂಗಿಲ್ಲ."

ಗೋಡೆಯಾಚೆಯಿಂದ ಪಕ್ಕದ ಮನೆಯ ಸಕ್ರವ್ವ ಇಣುಕಿದಳು. "ಏನ್ ಶೈಲವ್ವಾ, ಘಮ್ ಅನ್ನಾಕತ್ತೈತಿ, ಭಜಿ ಮಾಡೀರೇನ?"

"ಇಲ್ಲಬೇ, ಚೈನ್ ಮಾಡೇವಿ."

ಕಳಕೇಶಪ್ಪ ಚೈನಿಗೆ ಹನಿಯ ಲೆಕ್ಕದಲ್ಲಿ ಬಿಡಲಿಲ್ಲ, ಸೌಟಿನಲ್ಲಿ ಹೊಯ್ದ. ಒರೆಸಲಿಲ್ಲ, ಶುದ್ಧವಾದದ್ದನ್ನು ಒರೆಸುವ ಅಗತ್ಯ ಅವನಿಗೆ ಕಾಣಲಿಲ್ಲ. ಆಮೇಲೆ ಎಣ್ಣೆ ಒಳಗೆ ಇಳಿಯಲೆಂದು ಬಿಸಿಲಿಗೆ ನಿಲ್ಲಿಸಿದ. ಮರುದಿನ ಸೈಕಲ್ಲು ಬೆಣ್ಣೆಯಲ್ಲಿ ಚಾಕು ಹಾಯ್ದಂತೆ ಓಡಿತು. ಅವನು ಸಲಾವುದ್ದೀನನ ಅಂಗಡಿಯ ಮುಂದೆ ಮೂರು ಸಲ ಹಾಯ್ದ. ಗಂಟೆ ಬಾರಿಸುತ್ತ ಹಾಯ್ದ. ಸಲಾವುದ್ದೀನ ತಲೆ ಎತ್ತಲಿಲ್ಲ. ಇದರಿಂದ ಕಳಕೇಶಪ್ಪನಿಗೆ ಉತ್ಸಾಹ ಹೆಚ್ಚಾಗಿ, ವಾರವಿಡೀ ದಿನಕ್ಕೊಂದು ಸೌಟು ಕಾಸಿದ ಎಣ್ಣೆ, ದಿನಕ್ಕೊಂದು ಬಿಸಿಲು ನಡೆಯಿತು.

ಅಷ್ಟರಲ್ಲಿ ಗಜೇಂದ್ರಗಡದಲ್ಲಿ ತಂಗಿಯ ಮಗಳ ಮದುವೆ ಬಂತು. ಕೊನೆಯದಾಗಿ ಎರಡು ಸೌಟು ಹೊಯ್ದು, ಸೈಕಲ್ಲನ್ನು ಮಾಳಿಗೆಯ ಮೇಲೆ ಮೇ ತಿಂಗಳ ಬಿಸಿಲಿಗೆ ಒಪ್ಪಿಸಿ, ಗಂಡಹೆಂಡಿರು ಹೊರಟರು. ಮದುವೆ, ಬೀಗರ ಊಟ, ಅಂಗಡಿಗೆ ಸೀರೆ ಖರೀದಿ ಎಂದು ಮೂರು ವಾರ ಕಳೆದು ಬಂದರು. ಬಂದ ಮರುದಿನವೇ ಜೂನ್ ಮೂರು, ಸೈಕಲ್ ದಿನ. ತಾಲೂಕಿನ ಸೈಕಲ್ ಜಾಥಾದ ಮುಂದಿನ ಸಾಲಿನಲ್ಲಿ, ನಟ್ಟನಡುವೆ, ಹಿರಿಯ ಸೈಕಲ್ ಪ್ರೇಮಿ ಎಂಬ ಹೆಸರಿನಲ್ಲಿ ಕಳಕೇಶಪ್ಪನಿಗೆ ಜಾಗ ಇಟ್ಟಿದ್ದರು. ಆ ಜಾಗವನ್ನು ಅವನೇ ಕೇಳಿ ಪಡೆದಿದ್ದ ಎಂಬುದು ಬೇರೆ ಮಾತು.

ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮಾಳಿಗೆಯಿಂದ ಇಳಿಸಿದಾಗ ಚೈನು ಹೊನ್ನಿನ ಸರದಂತೆ ಫಳಫಳ ಹೊಳೆಯುತ್ತಿತ್ತು. "ನೋಡು, ಶುದ್ಧ ಎಣ್ಣಿ ಅಂದ್ರ ಹಿಂಗ!" ಎಂದು ಹೆಂಡತಿಯನ್ನು ಕರೆದು ತೋರಿಸಿದ. ಹೊಸ ಅಂಗಿಗೆ ಬೆವರು ಹತ್ತಬಾರದೆಂದು ಮೈದಾನದ ತನಕ ಹತ್ತದೆ ತಳ್ಳಿಕೊಂಡೇ ಹೋದ.

ಮೈದಾನದಲ್ಲಿ ಅವನ ಎಡಕ್ಕೆ ಹೈಸ್ಕೂಲಿನ ಹೆಡ್‌ಮೇಡಂ ಸೈರಾಬಾನು, ಅವರ ಹಿಂದೆ ನಲವತ್ತು ಸೈಕಲ್ಲು. ಎದುರಿಗೆ ಊರಿನ ಸುದ್ದಿಯನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಹಂಚುವ ನಿಂಗಪ್ಪ. ಪಕ್ಕದಲ್ಲಿ ಗಾಳಿ ಪಂಪು ಹಿಡಿದ ಸಲಾವುದ್ದೀನ. ತಹಶೀಲ್ದಾರ ಸಾಹೇಬರು ಹಸಿರು ನಿಶಾನೆ ಬೀಸಿದರು. ಕಳಕೇಶಪ್ಪ ಎದೆ ಉಬ್ಬಿಸಿ, ಮೈಯ ಭಾರವನ್ನೆಲ್ಲ ಬಲಗಾಲಿಗೆ ಕೊಟ್ಟು ಪೆಡಲು ಒತ್ತಿದ.

ಪೆಡಲು ಒಂದು ಗೇಣು ಇಳಿದು ನಿಂತಿತು. ಕಳಕೇಶಪ್ಪ ನಿಲ್ಲಲಿಲ್ಲ. ಅವನು ಸೈಕಲ್ ಸಮೇತ ಸೈರಾಬಾನು ಅವರ ಮೇಲೆ ಒರಗಿದ. ಅವರು ಪಕ್ಕದವರ ಮೇಲೆ ಒರಗಿದರು. ಹಿಂದಿನ ಸಾಲು ಮುಂದಿನ ಸಾಲಿನ ಮೇಲೆ ಬಂತು. ಸುಗ್ಗಿಯಲ್ಲಿ ಜೋಳ ಕೊಯ್ದು ಒಂದೇ ಮಗ್ಗುಲಿಗೆ ಮಲಗಿಸಿದಂತೆ ನಲವತ್ತು ಸೈಕಲ್ಲು ಮಲಗಿದವು. ಸಾಹೇಬರ ಕೈಯ ನಿಶಾನೆ ಮಾತ್ರ ಇನ್ನೂ ಬೀಸುತ್ತಲೇ ಇತ್ತು.

ಸಲಾವುದ್ದೀನ ಬಂದು ಕುಕ್ಕರಗಾಲಿನಲ್ಲಿ ಕುಳಿತ. ಚೈನನ್ನು ಉಗುರಿನಿಂದ ಕೆರೆದ. ಎಳೆದು ನೋಡಿದ. ಒಂದು ಕೊಂಡಿಯೂ ಮಡಚಲಿಲ್ಲ. ಆಮೇಲೆ ತಲೆ ಎತ್ತಿ ಕಳಕೇಶಪ್ಪನನ್ನು ನೋಡಿದ. ಏನೂ ಅನ್ನಲಿಲ್ಲ.

ಒಂದು ಮಾತು ಅಂದಿದ್ದರೂ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಮೌನ ಕಳಕೇಶಪ್ಪನ ನೆತ್ತಿಗೆ ಹತ್ತಿತು. ಹೀಗಾಗಲು ಮೂರೇ ಕಾರಣ ಇರಬಹುದಿತ್ತು. ತಾನು ತಪ್ಪು ಮಾಡಿರಬೇಕು. ಇಲ್ಲವೇ ಸಲಾವುದ್ದೀನ ಹೇಳಿದ್ದು ಸರಿ ಇರಬೇಕು. ಇಲ್ಲವೇ ಎಣ್ಣೆ ಕೆಟ್ಟಿರಬೇಕು. ಮೊದಲಿನ ಎರಡು ಆ ಮನೆತನದಲ್ಲಿ ಎಂದೂ ನಡೆದದ್ದಿಲ್ಲ.

"ಕಲಬೆರಕಿ!" ಎಂದು ಅವನು ಸೈಕಲ್ಲಿನ ಕೆಳಗಿನಿಂದಲೇ ಕೂಗಿದ. "ಮೋಸ! ಎಣ್ಣಿ ಕಲಬೆರಕಿ ಐತಿ!"

"ಯಾವ ಎಣ್ಣಿರೀ?" ಎಂದರು ಅವನ ಕೆಳಗಿದ್ದ ಸೈರಾಬಾನು.

"ಜಕ್ಕಲಿ ಗಾಣದ್ದು! ಕುಸುಬಿ ಎಣ್ಣಿ!"

"ಅದನ್ನ ನಾವೂ ತರ್ತೀವಲ್ರೀ ಯಪ್ಪಾ! ಮೊದಲ ನನ್ನ ಮ್ಯಾಲಿಂದ ಏಳ್ರಿ, ಆಮ್ಯಾಲೆ ಕಲಬೆರಕಿ ನೋಡೋಣು!"

ನಿಂಗಪ್ಪನ ಮೊಬೈಲು ಇದಿಷ್ಟನ್ನೂ ಹಿಡಿದಿತ್ತು.

ಕಳಕೇಶಪ್ಪ ಸೈಕಲ್ಲು ತಳ್ಳುತ್ತ ಮನೆ ಮುಟ್ಟುವ ಹೊತ್ತಿಗೆ ಕಟ್ಟೆಯ ಮೇಲೆ ಹನ್ನೊಂದು ಎಣ್ಣೆ ಡಬ್ಬಿಗಳು ಸಾಲಾಗಿ ಕೂತಿದ್ದವು. ಎಲ್ಲಕ್ಕೂ ಮುಂದೆ ಸಕ್ರವ್ವ.

"ಕಳಕೇಶಣ್ಣಾ, ಕಬ್ಬಿಣದ ಚೈನ ಹಿಂಗ ಸೆಟದ ಹೋದ್ರ ನಮ್ಮ ಕರಳ ಏನಾಗಿರಬೇಕೋ? ಮೂರು ವರ್ಷ ಆತು ತಿನ್ನಾಕತ್ತು! ನಮ್ಮ ಮನಿಯವರು ಮೊಣಕಾಲ ಮಡಚಾಕ ಬರವಲ್ದು ಅಂತ ಎಷ್ಟ ದವಾಖಾನಿ ತಿರಗ್ಯಾರ. ಯಾವ ಡಾಕ್ಟರಗೂ ತಿಳೀಲಿಲ್ಲ. ಇವತ್ತ ತಿಳೀತು!"

"ಹೌದು, ನಮ್ಮ ಅತ್ತಿ ದವಡಿನೂ ಹಂಗ ಆಗೇತಿ, ತೆಗದ್ರ ಮುಚ್ಚಾಕ ಬರವಲ್ದು" ಎಂದಳು ಇನ್ನೊಬ್ಬಳು.

"ನಿಮ್ಮ ಅತ್ತೀದು ಎಣ್ಣಿ ತಿನ್ನೂಕಿಂತ ಮೊದಲ ಹಂಗ ಇತ್ತಲ್ಲಬೇ" ಎಂದಳು ಸಕ್ರವ್ವ, ಸಿಟ್ಟಿನಲ್ಲೂ ನ್ಯಾಯ ಬಿಡದೆ.

ಮಧ್ಯಾಹ್ನದ ಹೊತ್ತಿಗೆ ವೀಡಿಯೊ ನೋಡಿದ ಪುರ್ತಗೇರಿಯವರು ಫೋನು ಮಾಡಿ, ಎಣ್ಣೆ ತಿನ್ನಬಹುದೋ ಚೆಲ್ಲಬೇಕೋ ಎಂದು ಕೇಳಿದರು. ಹೊಳೆಆಲೂರಿನವರೊಬ್ಬರು ತಮ್ಮ ಮನೆಯ ಬಾಗಿಲ ಕೀಲಿಗೂ ಅದೇ ಎಣ್ಣೆ ಬಿಟ್ಟಿದ್ದಾಗಿಯೂ, ಈಗ ಒಳಗೇ ಸಿಕ್ಕಿಕೊಂಡಿರುವುದಾಗಿಯೂ ತಿಳಿಸಿದರು. ಜಕ್ಕಲಿಯಲ್ಲಿ ಗಾಣದ ಮುಂದೆ ಕುಸುಬಿ ಇಳಿಸಲು ಬಂದ ಗಾಡಿಗಳು ಚೀಲ ಇಳಿಸದೆ ಹಾಗೇ ತಿರುಗಿ ಹೋದವು. ಗಾಣ ತನ್ನ ಕೈಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಸಿದ್ದವ್ವ ಹಗಲು ಹೊತ್ತಿನಲ್ಲಿ ಮೋಟರು ಬಂದ್ ಮಾಡಿದಳು.

ಶೈಲಶ್ರೀ ಕಣ್ಣೀರು ಹಾಕಲಿಲ್ಲ, ಕೂಗಾಡಲಿಲ್ಲ. ಊಟಕ್ಕೆ ತಟ್ಟೆ ಇಟ್ಟಳು. ರೊಟ್ಟಿ, ನೀರಿನಲ್ಲಿ ಬೇಯಿಸಿದ ಬದನೆಕಾಯಿ, ಬರೀ ಬೇಳೆ, ಒಣ ಚಟ್ನಿಪುಡಿ. ಯಾವುದರಲ್ಲೂ ಒಂದು ಹನಿ ಎಣ್ಣೆ ಇರಲಿಲ್ಲ.

"ಬ್ಯಾಳಿಗೆ ಒಗ್ಗರಣಿ ಕೊಟ್ಟಿಲ್ಲೇನು?"

"ಮನ್ಯಾಗ ಇದ್ದದ್ದು ಕಲಬೆರಕಿ ಎಣ್ಣಿರಿ. ಸಲಾವುದ್ದೀನನ ಕಡಿಂದ ಡಬ್ಬಿ ತರ್ರಿ, ಕೊಡ್ತೀನಿ."

"ನಾ ಖರೇ ಮಾತ ಆಡಿದ್ದು ತಪ್ಪಾತೇನು?" ಎಂದು ಕಳಕೇಶಪ್ಪ ಚಟ್ನಿಪುಡಿಯನ್ನು ಗಂಟಲಿಗೆ ಸಿಕ್ಕಿಸಿಕೊಂಡು ಕೆಮ್ಮಿದ.

"ನಮ್ಮವ್ವನ ಗಾಣ ನಿಂತೈತಿ. ಅದು ಹೊಳ್ಳಿ ತಿರಗಿದ್ರ ನಾ ಈ ಮನ್ಯಾಗ ಇರ್ತೀನಿ. ಇಲ್ಲಾಂದ್ರ ನಮ್ಮವ್ವನ ಕೂಡ ನಿಂತ ಗಾಣ ಕಾಯ್ಕೊಂಡ ಕುಂದರತೀನಿ. ಎಷ್ಟ ರೊಟ್ಟಿ ಬೇಕು ಹೇಳ್ರಿ, ಬಡದ ಇಟ್ಟ ಹೋಗ್ತೀನಿ."

ಸಂಜೆ ಸಿದ್ದವ್ವನ ಫೋನು ಬಂತು. ಬೈಗುಳಕ್ಕೆ ಉತ್ತರ ಕೊಡಲು ಕಳಕೇಶಪ್ಪ ಎದೆ ಗಟ್ಟಿ ಮಾಡಿಕೊಂಡ.

"ಅಳಿಯಾರ, ಬಿದ್ದಲ್ಲೆ ಪೆಟ್ಟಾಗಿಲ್ಲಲ್ಲ?"

"ಇಲ್ಲರಿ ಅತ್ತಿ."

"ಚಲೋ ಆತು. ಚೈನ್ ಜ್ವಾಪಾನ ಇಡ್ರಿ. ಒಗೀಬ್ಯಾಡ್ರಿ."

ಫೋನು ಇಟ್ಟುಬಿಟ್ಟಳು. ಬೈಯಬೇಕಾದ ಹೊತ್ತಿನಲ್ಲಿ ಬೈಯದೆ ಬಿಡುವುದು ಎಂಥ ನೀತಿ ಎಂದು ಕಳಕೇಶಪ್ಪ ಮಲಗುವ ತನಕ ಕುದಿದ.

ಮರುದಿನ ಬೆಳಗ್ಗೆ ಅಂಗಡಿಯ ಮುಂದೆ ಜೀಪು ನಿಂತಿತು. ಆಹಾರ ತಪಾಸಣೆಯ ಅಧಿಕಾರಿ ರಾಘವೇಂದ್ರರಾಯರು ಇಳಿದರು. ನರಗುಂದದಲ್ಲಿ ಬೇಕರಿಗಳನ್ನು ನೋಡುತ್ತಿದ್ದವರಿಗೆ ನಿಂಗಪ್ಪನ ವೀಡಿಯೊ ಮುಟ್ಟಿ, ಕೂಡಲೇ ಹೊರಟು ಬಂದಿದ್ದರು. ಫಾರಮು ಬಿಡಿಸಿ ಪೆನ್ನು ತೆಗೆದರು.

"ಎಣ್ಣಿ ಯಾರು ತಿಂದ್ರು?"

"ಚೈನ್ ತಿಂತ್ರಿ."

"ಬಾಧಿತರ ವಯಸ್ಸು?"

"ನಾಕ ತಿಂಗಳು."

ರಾಯರ ಮುಖ ಇಳಿಯಿತು. "ಅಯ್ಯೋ ಪಾಪ! ಕೂಸೇನ್ರಿ?"

"ಸೈಕಲ್ರಿ!"

ರಾಯರು ಬರೆದದ್ದನ್ನು ಹೊಡೆದುಹಾಕಿದರು. "ನೋಡ್ರಿ, ನಮ್ಮ ಫಾರಮಿನ್ಯಾಗ ಸೈಕಲ್ಲಿಗೆ ಜಾಗಾ ಇಲ್ಲ. ಲಕ್ಷಣ ಅಂತ ಒಂದದ. ವಾಂತಿ, ಭೇದಿ, ಮಲಬದ್ಧತೆ. ಇದರಾಗ ಯಾವುದಕ್ಕ ಹತ್ತರ ಬರ್ತದ ಹೇಳ್ರಿ."

"ನಿಮಗ ಚ್ಯಾಷ್ಟಿ ಆಗೇತೇನ್ರಿ? ಎಳದ್ರ ಬರವಲ್ದು, ನೂಕಿದ್ರ ಹೋಗವಲ್ದು, ಬಿಗದ ಕುಂತೈತಿ!"

"ಹಂಗಾರ ಮಲಬದ್ಧತೆ" ಎಂದು ರಾಯರು ಗುರುತು ಹಾಕಿದರು. "ಈಗ ಆ ಚೈನ್ ಬೇಕಲ್ರಿ, ಸಾಕ್ಷಿಗೆ."

ಚೈನು ಬಿಚ್ಚಲು ಇಡೀ ಊರಿನಲ್ಲಿ ಬರುವವನು ಒಬ್ಬನೇ. ಕಳಕೇಶಪ್ಪ ಸೈಕಲ್ಲನ್ನು ಬಸ್‌ಸ್ಟ್ಯಾಂಡಿಗೆ ತಳ್ಳಿಕೊಂಡು ಹೋಗಿ ಆಕಾಶ ನೋಡುತ್ತ ನಿಂತ. ಸಲಾವುದ್ದೀನ ಪಿನ್ನು ಹೊಡೆದು ಬಿಚ್ಚಿಕೊಟ್ಟ. ಕಡಿದ ಮೇಲೂ ಚೈನು ಕೆಳಗೆ ಜೋತುಬೀಳಲಿಲ್ಲ. ಎಮ್ಮೆಯ ಕೊಂಬಿನಂತೆ ಬಾಗಿ, ಬಾಗಿದಲ್ಲೇ ನಿಂತಿತು. ರಾಯರು ಅದನ್ನು ಚೀಲದಲ್ಲಿ ಹಾಕಿ ಮೊಹರು ಮಾಡಿದರು. ಜೀಪಿನಲ್ಲಿ ರಾಯರು ಮುಂದೆ, ಕಳಕೇಶಪ್ಪ ಹಿಂದೆ, ಅವನ ಪಕ್ಕದಲ್ಲಿ ಬಟ್ಟೆಯ ಗಂಟು ಕಟ್ಟಿಕೊಂಡ ಶೈಲಶ್ರೀ, ಇಬ್ಬರ ನಡುವೆ ಚೈನು. ಹಿಂದಿನಿಂದ ಮೋಟರ್‌ಸೈಕಲ್ಲಿನ ಮೇಲೆ ನಿಂಗಪ್ಪ.

ಜಕ್ಕಲಿಯ ಗಾಣದ ಮುಂದೆ ಅರ್ಧ ಊರು ಕೂಡಿತ್ತು. ಸಿದ್ದವ್ವ ಬಾಗಿಲಲ್ಲಿ ನಿಂತಿದ್ದಳು. ಬಂದವರಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಅಳಿಯನಿಗೆ ಖುರ್ಚಿ ಹಾಕಿಸಿದಳು. ಆಮೇಲೆ ಚೀಲದಿಂದ ಚೈನನ್ನು ತೆಗೆಸಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ನಿಂತಳು.

"ಅಳಿಯಾರ, ಎಣ್ಣಿ ಕಾಸಿದ್ರೇನು?"

"ಕಾಸದ ಬಿಡ್ತೀನೇನ್ರಿ? ನೀವ ಹೇಳಿದ್ರಲ್ಲ, ಹಸಿ ಎಣ್ಣಿ 'ಹೊಟ್ಟಿಗೆ ಕೆಟ್ಟ' ಅಂತ."

"ಎಷ್ಟೊತ್ತು?"

"ಹೊಗಿ ಬರೂತನ. ಮ್ಯಾಲೆ ಅರ್ಧ ತಾಸು."

"ಬಿಸಲಿಗೆ ಇಟ್ಟಿದ್ರೇನು?"

"ಮೂರು ವಾರ" ಎಂದ ಕಳಕೇಶಪ್ಪ. ಅವನ ದನಿ ಮೊದಲಿನಷ್ಟು ಎತ್ತರದಲ್ಲಿರಲಿಲ್ಲ.

ಸಿದ್ದವ್ವ ರಾಯರ ಕಡೆಗೆ ತಿರುಗಿದಳು. "ಸಾಹೇಬ್ರ, ನಮ್ಮ ಮಾವನ ಕಾಲಕ್ಕ ಬಾವಿಯಿಂದ ನೀರ ಎತ್ತಾಕ ತೊಗಲಿನ ಬಾನಿ ಇರ್ತಿದ್ದು. ತೊಗಲ ನೀರ ಕುಡದ ಕೊಳೀಬಾರದು ಅಂತ ಅದಕ್ಕ ಏನ ಬಳೀತಿದ್ರು ಗೊತ್ತೇನ್ರಿ? ಕುಸುಬಿ ಎಣ್ಣಿ. ಹೊಗಿ ಬರೂತನ ಕಾಸಿ, ಬಳದು, ಬಿಸಲಿಗೆ ಇಡತಿದ್ರು. ಅದು ಬಿಗದ ಗಾಜಿನಂಗ ಆಕ್ಕಿತ್ತು. ಹತ್ತು ವರ್ಷ ನೀರಾಗ ಇದ್ರೂ ಬಿಡತಿದ್ದಿಲ್ಲ. ಅಳಿಯಾರು ಯಾರನ್ನೂ ಕೇಳದ ಆ ಹಳೇ ವಿದ್ಯಾ ಪೂರಾ ಮಾಡ್ಯಾರ." ಅವಳು ಎಣ್ಣೆ ಬೀಳುವ ಗಡಿಗೆಯ ಬಾಯಿಯನ್ನು ತೋರಿಸಿದಳು. ವರ್ಷಗಟ್ಟಲೆ ಸೋರಿ ಒಣಗಿದ ಎಣ್ಣೆ ಅಲ್ಲಿ ಹೊನ್ನಿನ ಬಣ್ಣದ ಅಂಟಾಗಿ ಗಟ್ಟಿಗೊಂಡಿತ್ತು. ರಾಯರು ಉಗುರಿನಿಂದ ಕೆರೆದರು. ಉಗುರು ನೊಂದಿತು.

"ಹಂಗಾರ ಕಲಬೆರಕಿ?" ಎಂದರು ರಾಯರು.

"ಪ್ಯಾಕೆಟ್ಟಿನ್ಯಾಗಿನ ಪಾಮ್ ಎಣ್ಣಿ ಬೆರಸಿದ್ನೆಂದ್ರ ಅದು ಒಣಗತಿದ್ದಿಲ್ಲರಿ. ಹಾಂಗ ಜಿಬಿಜಿಬಿ ಇರ್ತಿತ್ತು." ಸಿದ್ದವ್ವ ಚೈನನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ನನ್ನ ಎಣ್ಣಿ ಕಲಬೆರಕಿ ಆಗಿದ್ರ ಈ ಚೈನ್ ಇನ್ನೂ ತಿರಗತಿತ್ತು."

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಮುದುಕ ಖೊಕ್ ಎಂದು ನಕ್ಕ. ಅದು ಮುಂದಿನ ಸಾಲಿಗೆ ಬಂತು. ಅರ್ಧ ಊರು ನಕ್ಕಿತು. ರಾಯರು ನಗಬಾರದ ಹುದ್ದೆಯಲ್ಲಿದ್ದುದರಿಂದ ಫಾರಮನ್ನು ಮುಖಕ್ಕೆ ಅಡ್ಡ ಹಿಡಿದರು.

"ಒಂದ ಮಾತ ಕೇಳಲೇನಬೇ" ಎಂದರು ಅವರು, ಫಾರಮಿನ ಹಿಂದಿನಿಂದಲೇ. "ಈ ಗಾಣದ ಮೋಟರಿಗೂ ಚೈನ್ ಅದಲ್ಲ. ಅದಕ್ಕ ಯಾವ ಎಣ್ಣಿ ಹಾಕ್ತೀರಿ?"

ಸಿದ್ದವ್ವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮಷಿನ್ ಎಣ್ಣಿರಿ. ಮಷಿನ್ನಿಗೆ ಮತ್ತ್ಯಾವುದ ಹಾಕ್ತಾರ? ನಿಮ್ಮ ರೋಣದ ಸಲಾವುದ್ದೀನನ ಕಡಿಂದನ ತರಸ್ತೀನಿ. ಪ್ರತಿ ತಿಂಗಳಾ ತೊಳದು, ಎಣ್ಣಿ ಬಿಟ್ಟು, ಒರಸತೀನಿ."

ಕಳಕೇಶಪ್ಪ ಖುರ್ಚಿಯಿಂದ ಎದ್ದ. "ಅಲ್ರೀ ಅತ್ತಿ! ಇದನ್ನ ನನಗ ಯಾಕ ಹೇಳಲಿಲ್ಲ?"

"ಸೈಕಲ್ಲಿಗೆ ಭಜಿ ಎಣ್ಣಿ ಹಾಕಬ್ಯಾಡ್ರಿ ಅಂತ ಅಳಿಯಾಗ ಹ್ಯಾಂಗ ಹೇಳಬೇಕೋ ನಮ್ಮಪ್ಪಾ" ಎಂದಳು ಸಿದ್ದವ್ವ, ಮೊದಲ ಸಲ ದನಿ ಎತ್ತಿ. "ಹೇಳಬೇಕಾಗ್ತೈತಿ ಅಂತ ಯಾವ ಹೆಣ್ಣ ಹೆತ್ತಾಕಿಗೆ ಅನಸ್ತೈತಿ!"

ರಾಯರು ನಿಯಮದಂತೆ ಪರೀಕ್ಷೆಗೆ ಎಣ್ಣೆ ತೆಗೆದುಕೊಂಡರು. ನಿಯಮದಲ್ಲಿಲ್ಲದ ಇನ್ನೊಂದು ಕ್ಯಾನು ಮನೆಗೂ ಕೊಂಡುಕೊಂಡರು. ಸಿದ್ದವ್ವ ಮೋಟರಿನ ಗುಂಡಿ ಒತ್ತಿದಳು. ಗಾಣ ನರಳಿ ತಿರುಗತೊಡಗಿತು. ಶೈಲಶ್ರೀ ಗಂಟನ್ನು ಮರಳಿ ಜೀಪಿನಲ್ಲಿ ಇಟ್ಟಳು. ನಿಂಗಪ್ಪನ ಎರಡನೇ ವೀಡಿಯೊ ಮೊದಲನೆಯದಕ್ಕಿಂತ ವೇಗವಾಗಿ ಓಡಿತು. ಅವರು ರೋಣ ಮುಟ್ಟುವಾಗ ಕಟ್ಟೆಯ ಮೇಲೆ ಡಬ್ಬಿಗಳು ಇರಲಿಲ್ಲ. ಸಕ್ರವ್ವ ಮಾತ್ರ ಇದ್ದಳು. ತನ್ನ ಗಂಡನ ಮೊಣಕಾಲಿಗೆ ಈಗ ಯಾವುದನ್ನು ದೂರಬೇಕೆಂದು ಕೇಳಲು ಕಾದಿದ್ದಳು. ಕೆಲವು ದಿನಕ್ಕೆ ಪರೀಕ್ಷೆಯ ವರದಿಯೂ ಬಂತು, ಎಣ್ಣೆ ಶುದ್ಧವೆಂದು. ಯಾರೂ ಅದನ್ನು ಓದಲಿಲ್ಲ. ಜಕ್ಕಲಿಯ ಗಾಣದ ಬಾಗಿಲ ಮೇಲೆ ಕುಂಕುಮ ಹಚ್ಚಿದ, ಕೊಂಬಿನಂತೆ ಬಾಗಿದ ಚೈನೊಂದು ತೂಗುತ್ತಿತ್ತು. ಬಂದವರು ಅದನ್ನು ಒಮ್ಮೆ ಎಳೆದು ನೋಡಿ, ಮಡಚದ್ದನ್ನು ಕಂಡು, ಡಬ್ಬಿ ಒಡ್ಡುತ್ತಿದ್ದರು.

ಇಷ್ಟಾದ ಮೇಲೆ ಒಂದು ಸಂಜೆ ಕಳಕೇಶಪ್ಪ ಚೈನಿಲ್ಲದ ಸೈಕಲ್ಲನ್ನು ಸಲಾವುದ್ದೀನನ ಅಂಗಡಿಗೆ ತಳ್ಳಿಕೊಂಡು ಬಂದ. ಬಸ್ಸಿಗೆ ಕಾಯುವವರು ಕುತ್ತಿಗೆ ಚಾಚಿದರು. ಸಲಾವುದ್ದೀನ ಹೊಸ ಚೈನು ಕೂಡಿಸಿದ. ಕಪ್ಪು ಡಬ್ಬಿ ಎತ್ತಿ, ಹಾಕಲೇ ಎಂಬಂತೆ ನೋಡಿದ.

"ಹಾಕು" ಎಂದ ಕಳಕೇಶಪ್ಪ ಬಸ್ಸಿನ ಬೋರ್ಡು ಓದುತ್ತ.

ಸಲಾವುದ್ದೀನ ಕೊಂಡಿಗೊಂದು ಹನಿ ಬಿಡುತ್ತ ಚೈನನ್ನು ಒಂದು ಸುತ್ತು ತಿರುಗಿಸಿದ. ಆಮೇಲೆ ಮೊಳೆಗೆ ಸಿಕ್ಕಿಸಿದ್ದ ಅರಿವೆಯೊಂದನ್ನು ತೆಗೆದು ಒರೆಸಿದ. ಒರೆಸಿದಷ್ಟೂ ಎಣ್ಣೆ ಅತ್ತಿತ್ತ ಬಳಿದುಕೊಂಡಿತೇ ಹೊರತು ಅರಿವೆಗೆ ಹತ್ತಲಿಲ್ಲ. ಕಳಕೇಶಪ್ಪ ಎಷ್ಟೋ ಹೊತ್ತು ತಡೆದುಕೊಂಡು ನೋಡಿದ. ಕೊನೆಗೆ ಆಗಲಿಲ್ಲ. ಎಷ್ಟೆಂದರೂ ಬಟ್ಟೆಯ ಮನೆತನ.

"ತಗೀ ಅದನ್ನ! ಎಲ್ಲೀದೋ ಅದು ಅರಬಿ? ಹತ್ತಿ ಇದ್ರ ಎಣ್ಣಿ ಗಟಗಟ ಕುಡೀತಿತ್ತು. ಇದು ಹತ್ತಿ ಅಲ್ಲ, ಬರೇ ಪಾಲಿಸ್ಟರ್! ಕಲಬೆರಕಿ!" ಹಳೆಯ ಕಸುವೆಲ್ಲ ಅವನ ದನಿಗೆ ಮರಳಿತು. ಮಂದಿ ಹತ್ತಿರ ಬಂದರು. ನಿಂಗಪ್ಪ ಎಲ್ಲಿಂದಲೋ ಬಂದು ಮೊಬೈಲು ಎತ್ತಿದ. "ನೋಡ್ರಿ, ಎಲ್ಲಾರೂ ನೋಡ್ರಿ! ಬಡವ ಮೈ ಒರಸ್ಕೊಳ್ಳೋ ಅರಬಿಯೊಳಗೂ ಮೋಸ! ಯಾವ ಮಗಾ ಕೊಟ್ಟಾನೋ ಇದನ್ನ ನಿನಗ? ಹೆಸರ ಹೇಳು. ಈಗಿಂದೀಗ ಅವನ ಅಂಗಡಿ ಮುಂದ ಹೋಗಿ ನಿಂದರತೇನಿ!"

ಸಲಾವುದ್ದೀನ ಅರಿವೆಯನ್ನು ಮೊಣಕಾಲಿನ ಮೇಲೆ ಹರವಿದ. ನಿಧಾನವಾಗಿ ಅದರ ಅಂಚನ್ನು ಹುಡುಕಿ, ಹೆಬ್ಬೆರಳಿನಿಂದ ಕರಿ ಒರೆಸಿ, ಎತ್ತಿ ಹಿಡಿದ. "ಶುದ್ಧ ಹತ್ತಿ" ಎಂಬ ನೀಲಿ ಅಕ್ಷರಗಳು ಇನ್ನೂ ಚೆನ್ನಾಗಿಯೇ ಕಾಣುತ್ತಿದ್ದವು.

ಹೊರಡಬೇಕಾದ ಬಸ್ಸು ಕೂಡ ಹೊರಡಲಿಲ್ಲ.

ಸಲಾವುದ್ದೀನ ಕೈ ಒರೆಸಿಕೊಂಡು ಎದ್ದ. ಅಂಗಡಿಯ ಅರ್ಧ ಬಾಗಿಲು ಎಳೆದ.

"ನಡೀರಿ ಸಾವ್ಕಾರ್ರ" ಎಂದ. "ನಿಂದರಾಕ."